ಡಿಸ್ಕಿನ ಚಿತ್ರ, ಜಾಲದ ಚಿತ್ರ: ಅಳತೆಗೋಲು ಹಿಡಿದು ಹೋಲಿಸುವ ಒಂದು ಪಾಠ

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ಹತ್ತನೆಯ ತರಗತಿಗೆ ನಾನು ಮಾಡಿದ ಒಂದು ಪಾಠ ಇಪ್ಪತ್ತೇ ನಿಮಿಷಕ್ಕೆ ಮುಗಿದುಹೋಯಿತು. ‘ಮನೆಯಲ್ಲಿ ಸಿನಿಮಾ: ಬ್ಲೂ-ರೇ ಡಿಸ್ಕ್ ಉತ್ತಮವೋ, ಸ್ಟ್ರೀಮಿಂಗ್ ಉತ್ತಮವೋ?’ ಎಂಬುದು ಪಾಠದ ಹೆಸರು. ಹಲಗೆಯ ಮೇಲೆ ಎರಡು ಕಾಲಂ ಎಳೆದು ಅನುಕೂಲ, ಅನನುಕೂಲಗಳನ್ನು ಮಕ್ಕಳಿಂದ ಹೇಳಿಸಿ ಬರೆದೆ. ಕೊನೆಗೆ ಕೈ ಎತ್ತಿಸಿದೆ. ಮೂವರನ್ನು ಬಿಟ್ಟು ಉಳಿದವರೆಲ್ಲ ಸ್ಟ್ರೀಮಿಂಗ್ ಕಡೆಗಿದ್ದರು. ‘ಆದ್ದರಿಂದ ಸ್ಟ್ರೀಮಿಂಗ್ ಉತ್ತಮ’ ಎಂದು ಬರೆದು ಅಡಿಗೆರೆ ಎಳೆದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಮೇಡಂ, ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ. ಸಿನಿಮಾ ಮಧ್ಯದಲ್ಲೇ ಮಸುಕಾಗತ್ತೆ, ಆಮೇಲೆ ಸುತ್ತುತ್ತಾ ನಿಂತ್ಬಿಡತ್ತೆ. ನಮಗೂ ಅದೇ ಉತ್ತಮಾನಾ?” ಎಂದಳು. “ಅದು ನೆಟ್‌ವರ್ಕಿನ ತೊಂದರೆ ಕಣಮ್ಮಾ, ನಮ್ಮ ಪಾಠದ್ದಲ್ಲ, ಕೂತ್ಕೋ” ಎಂದುಬಿಟ್ಟೆ.

ಪಾಠ ವೀಕ್ಷಿಸಿದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಎರಡೇ ವಾಕ್ಯ ಬರೆದಿದ್ದರು: ‘ಏನನ್ನು ಅಳೆದು ಉತ್ತಮ ಎಂದಿರಿ? ಆ ಹುಡುಗಿ ಕೇಳಿದ್ದೇ ಪಾಠವಾಗಬೇಕಿತ್ತು.’

ಅದೇ ಪಾಠವನ್ನು ಎರಡು ಅವಧಿಗಳಿಗೆ ವಿಸ್ತರಿಸಿ, ಮುಂದಿನ ವಾರ ಅದೇ ತರಗತಿಗೆ ಮತ್ತೆ ಮಾಡಿದೆ. ಆ ಮರುಪಾಠದ ಯೋಜನೆ, ಹಲಗೆಯ ಮೇಲೆ ಮಾಡಿದ ಲೆಕ್ಕಗಳು ಮತ್ತು ನಾನು ಎಡವಿದ ಜಾಗಗಳು ಈ ಲೇಖನದಲ್ಲಿವೆ. ಎರಡು ವಸ್ತುಗಳನ್ನು ಹೋಲಿಸುವ ಯಾವ ಪಾಠದಲ್ಲೂ ಮೊದಲು ಅಳತೆಗೋಲನ್ನು ನಿಶ್ಚಯಿಸಬೇಕು, ತೀರ್ಪು ಆಮೇಲೆ. ಈ ಅನುಭವದಿಂದ ನಾನು ಕಲಿತದ್ದು ಇದನ್ನೇ.

ಪಾಠಯೋಜನೆಯ ಸಾರಾಂಶ

ತರಗತಿ: 10. ವಿಷಯ: ವಿಜ್ಞಾನ, ಗಣಿತದೊಂದಿಗೆ ಸಹಸಂಬಂಧ. ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು.

ಪೂರ್ವಜ್ಞಾನ: ತರಂಗದೂರ, ಪೀನ ಮಸೂರ, ಸಂಗಮ, ಮಾನವನ ಕಣ್ಣು, ಅನುಪಾತ, ಉದ್ದಕ್ಕೂ ವಿಸ್ತೀರ್ಣಕ್ಕೂ ಇರುವ ವರ್ಗ ಸಂಬಂಧ.

ಕಲಿಕಾ ಫಲಗಳು: ವಿದ್ಯಾರ್ಥಿಯು (1) ಡಿಸ್ಕಿನ ಸಂಗ್ರಹ ಸಾಮರ್ಥ್ಯವು ಬೆಳಕಿನ ತರಂಗದೂರ ಮತ್ತು ಮಸೂರದ ಮೇಲೆ ಹೇಗೆ ಅವಲಂಬಿಸಿದೆ ಎಂದು ಲೆಕ್ಕದಿಂದ ತೋರಿಸುತ್ತಾನೆ/ಳೆ, (2) ಬಿಟ್ ಮತ್ತು ಬೈಟ್‌ಗಳ ವ್ಯತ್ಯಾಸ ತಿಳಿದು, ಒಂದು ಚಲನಚಿತ್ರಕ್ಕೆ ಬೇಕಾಗುವ ದತ್ತಾಂಶವನ್ನು ಲೆಕ್ಕ ಹಾಕುತ್ತಾನೆ/ಳೆ, (3) ‘ಉತ್ತಮ’ ಎನ್ನುವ ಮೊದಲು ಯಾವ ಅಳತೆಯಲ್ಲಿ, ಯಾರಿಗೆ, ಯಾವ ಸನ್ನಿವೇಶದಲ್ಲಿ ಎಂದು ಪ್ರಶ್ನಿಸುತ್ತಾನೆ/ಳೆ.

ಬೋಧನೋಪಕರಣಗಳು: ಬಳಸದೆ ಬಿದ್ದಿರುವ ಒಂದು ಸಿಡಿ, ಒಂದು ಡಿವಿಡಿ, ಟಾರ್ಚ್, ಅಳತೆಪಟ್ಟಿ, ಹಲಗೆ. ಬ್ಲೂ-ರೇ ಡಿಸ್ಕ್ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಪಾಠ ನಡೆಯುತ್ತದೆ. ಕಣ್ಣಿಗೆ ಅಪಾಯವಿರುವುದರಿಂದ ಲೇಸರ್ ಪಾಯಿಂಟರ್ ಬೇಡ.

ಮೊದಲ ಅವಧಿ: ಅಷ್ಟೇ ಜಾಗದಲ್ಲಿ ಹೆಚ್ಚು ಹೇಗೆ ಹಿಡಿಸಿತು?

ಸಿಡಿ ಮತ್ತು ಡಿವಿಡಿಗಳನ್ನು ಮಕ್ಕಳ ಕೈಗೆ ಕೊಟ್ಟು ಅಳೆಯಿಸಿದೆ. ಎರಡರ ವ್ಯಾಸವೂ 12 ಸೆಂಟಿಮೀಟರ್, ದಪ್ಪವೂ ಒಂದೇ, 1.2 ಮಿಲಿಮೀಟರ್. ಬ್ಲೂ-ರೇ ಡಿಸ್ಕಿನ ಅಳತೆಯೂ ಇದೇ. ಆದರೆ ಸಿಡಿಯ ಸಾಮರ್ಥ್ಯ ಸುಮಾರು 0.7 ಗಿಗಾಬೈಟ್, ಡಿವಿಡಿಯ ಒಂದು ಪದರದ್ದು 4.7, ಬ್ಲೂ-ರೇಯ ಒಂದು ಪದರದ್ದು 25. ‘ತಟ್ಟೆ ದೊಡ್ಡದಾಗಿಲ್ಲ, ಹಾಗಾದರೆ ಜಾಗ ಎಲ್ಲಿಂದ ಬಂತು?’ ಎಂಬುದು ಅವಧಿಯ ಮೊದಲ ಪ್ರಶ್ನೆ. “ಸಣ್ಣಕ್ಷರದಲ್ಲಿ ಬರೆದಿರ್ತಾರೆ ಮೇಡಂ” ಎಂಬ ಉತ್ತರ ಬೇಗನೆ ಬಂತು. ಉತ್ತರ ಸರಿ. ಇನ್ನುಳಿದದ್ದು, ಅಷ್ಟು ಸಣ್ಣ ಅಕ್ಷರವನ್ನು ಓದುವುದು ಹೇಗೆ ಎಂಬ ಪ್ರಶ್ನೆ.

ಡಿಸ್ಕಿನ ಮೇಲೆ ಮಾಹಿತಿಯು ಸುರುಳಿಯಾಕಾರದ ಒಂದೇ ಸಾಲಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳ ರೂಪದಲ್ಲಿರುತ್ತದೆ. ಸಾಲಿನಿಂದ ಸಾಲಿಗೆ ಸಿಡಿಯಲ್ಲಿ 1.6 ಮೈಕ್ರೋಮೀಟರ್ ಅಂತರ, ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಸಾಲುಗಳು ಹತ್ತಿರವಾಗಿವೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ಕೋಣೆಯನ್ನು ಸ್ವಲ್ಪ ಕತ್ತಲು ಮಾಡಿ, ಸಿಡಿ ಮತ್ತು ಡಿವಿಡಿಗಳ ಮೇಲೆ ಟಾರ್ಚ್ ಬೆಳಕು ಬಿಡಬೇಕು. ಎರಡರಲ್ಲೂ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ, ಆದರೆ ಡಿವಿಡಿಯಲ್ಲಿ ಬಣ್ಣಗಳು ಹೆಚ್ಚು ಅಗಲವಾಗಿ ಹರಡುತ್ತವೆ. ಸಾಲುಗಳು ಹತ್ತಿರವಾದಷ್ಟೂ ಬೆಳಕು ಹೆಚ್ಚು ಕೋನಕ್ಕೆ ಬಾಗಿ ಚೆಲ್ಲುತ್ತದೆ. ಇದು ವಿವರ್ತನೆ. ಹತ್ತನೆಯ ತರಗತಿಗೆ ಹೆಸರು ಹೇಳಿದರೆ ಸಾಕು, ಸೂತ್ರ ಬೇಡ.

ಗುಳಿಗಳನ್ನು ಓದುವುದು ಲೇಸರ್ ಬೆಳಕಿನ ಚುಕ್ಕೆ. ಚುಕ್ಕೆ ದೊಡ್ಡದಿದ್ದರೆ ಪಕ್ಕದ ಸಾಲನ್ನೂ ಮುಟ್ಟಿ ಓದು ಕಲಸಿಹೋಗುತ್ತದೆ. ಚುಕ್ಕೆಯನ್ನು ಸಣ್ಣದು ಮಾಡಲು ದಾರಿ ಎರಡು. ಒಂದು, ಬೆಳಕಿನ ತರಂಗದೂರವನ್ನು ಕಡಿಮೆ ಮಾಡುವುದು. ಇನ್ನೊಂದು, ಹೆಚ್ಚು ಅಗಲವಾದ ಕೋನದಿಂದ ಬೆಳಕನ್ನು ಒಂದೆಡೆಗೆ ತರುವ ಮಸೂರವನ್ನು ಬಳಸುವುದು. ಮಸೂರದ ಈ ಗುಣವನ್ನು ನ್ಯೂಮರಿಕಲ್ ಅಪರ್ಚರ್ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ಹೆಚ್ಚಾದಷ್ಟೂ ಚುಕ್ಕೆ ಸಣ್ಣದು. ಹಲಗೆಯ ಮೇಲೆ ಈ ಪಟ್ಟಿಯನ್ನು ಬರೆದೆ:

| | ಸಿಡಿ | ಡಿವಿಡಿ | ಎಚ್‌ಡಿ ಡಿವಿಡಿ | ಬ್ಲೂ-ರೇ |
|---|---|---|---|---|
| ಮಾರುಕಟ್ಟೆಗೆ ಬಂದ ವರ್ಷ | 1982 | 1996 | 2006 | 2006 |
| ತರಂಗದೂರ (ನ್ಯಾನೊಮೀಟರ್) | 780 | 650 | 405 | 405 |
| ನ್ಯೂಮರಿಕಲ್ ಅಪರ್ಚರ್ | 0.45 | 0.60 | 0.65 | 0.85 |
| ಮೇಲ್ಮೈಯಿಂದ ಮಾಹಿತಿ ಪದರದ ಆಳ (ಮಿ.ಮೀ.) | 1.2 | 0.6 | 0.6 | 0.1 |
| ಒಂದು ಪದರದ ಸಾಮರ್ಥ್ಯ (ಗಿಗಾಬೈಟ್) | 0.7 | 4.7 | 15 | 25 |

780 ನ್ಯಾನೊಮೀಟರ್ ಕಣ್ಣಿಗೆ ಕಾಣದ ಅವಕೆಂಪು ಬೆಳಕು, 650 ಕೆಂಪು, 405 ನೀಲಿ-ನೇರಳೆ. ಬ್ಲೂ-ರೇ ಎಂಬ ಹೆಸರು ಬಂದದ್ದು ಈ ಬಣ್ಣದಿಂದ. ಇಲ್ಲಿ ಸಾಮಾನ್ಯವಾಗಿ ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ‘ನೀಲಿ ಬೆಳಕು ಬಳಸಿದ್ದರಿಂದ ಸಾಮರ್ಥ್ಯ ಹೆಚ್ಚಿತು’ ಎಂದು ಹೇಳಿ ಮುಂದೆ ಹೋಗುತ್ತೇವೆ. ಅದು ಅರ್ಧ ಸತ್ಯ ಎಂಬುದನ್ನು ಮಕ್ಕಳೇ ಲೆಕ್ಕದಿಂದ ಕಂಡುಕೊಂಡರು.

ಚುಕ್ಕೆಯ ಅಗಲ ತರಂಗದೂರಕ್ಕೆ ನೇರ ಅನುಪಾತದಲ್ಲಿ, ನ್ಯೂಮರಿಕಲ್ ಅಪರ್ಚರ್‌ಗೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಒಂದು ಪದರದಲ್ಲಿ ಎಷ್ಟು ಚುಕ್ಕೆ ಹಿಡಿಸುತ್ತದೆ ಎಂಬುದು ವಿಸ್ತೀರ್ಣದ ಲೆಕ್ಕವಾದ್ದರಿಂದ ವರ್ಗ ಮಾಡಬೇಕು. ಡಿವಿಡಿಯಿಂದ ಬ್ಲೂ-ರೇಗೆ ಬರುವಾಗ ತರಂಗದೂರದಿಂದ ಸಿಗುವ ಲಾಭ (650 ÷ 405)ರ ವರ್ಗ, ಅಂದರೆ ಸುಮಾರು 2.6 ಪಟ್ಟು. ಮಸೂರದಿಂದ ಸಿಗುವ ಲಾಭ (0.85 ÷ 0.60)ರ ವರ್ಗ, ಅಂದರೆ ಸುಮಾರು 2 ಪಟ್ಟು. ಎರಡನ್ನೂ ಗುಣಿಸಿದರೆ ಸುಮಾರು 5.2 ಪಟ್ಟು. ಡಿವಿಡಿಯ 4.7 ಗಿಗಾಬೈಟನ್ನು ಇದರಿಂದ ಗುಣಿಸಿದರೆ 24.3 ಬರುತ್ತದೆ. ನಿಜವಾದ ಸಾಮರ್ಥ್ಯ 25. ಪಠ್ಯದಲ್ಲಿ ಓದಿದ ತರಂಗದೂರ ಒಂದು ವಸ್ತುವಿನ ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಯನ್ನು ಇಷ್ಟು ಹತ್ತಿರದಿಂದ ಹೇಳಿತು ಎಂದಾಗ ತರಗತಿಯಲ್ಲಿ ಗದ್ದಲವೇ ಆಯಿತು.

ಎಚ್‌ಡಿ ಡಿವಿಡಿಯನ್ನು ಪಟ್ಟಿಯಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಬ್ಲೂ-ರೇಯ ಜೊತೆಗೇ ಮಾರುಕಟ್ಟೆಗೆ ಬಂದ ಈ ಪ್ರತಿಸ್ಪರ್ಧಿಯದೂ ಅದೇ 405 ನ್ಯಾನೊಮೀಟರ್ ಬೆಳಕು, ಮಸೂರ ಮಾತ್ರ ಬೇರೆ. ಅದೇ ಲೆಕ್ಕ ಮಾಡಿದರೆ ಲಾಭ ಸುಮಾರು 3 ಪಟ್ಟು, ಸಾಮರ್ಥ್ಯ ಸುಮಾರು 14.2 ಗಿಗಾಬೈಟ್; ನಿಜವಾದದ್ದು 15. ಒಂದು ಅಂಶವನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿ ನೋಡುವುದೇ ನಿಯಂತ್ರಿತ ಪ್ರಯೋಗವಲ್ಲವೇ? ಇಲ್ಲಿ ಆ ಪ್ರಯೋಗವನ್ನು ಮಾರುಕಟ್ಟೆಯೇ ಮಾಡಿಟ್ಟಿದೆ. 2008ರ ಫೆಬ್ರುವರಿಯಲ್ಲಿ ತೋಷಿಬಾ ಸಂಸ್ಥೆ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಬ್ಲೂ-ರೇ ಉಳಿಯಿತು.

ಬ್ಲೂ-ರೇಯ ಲಾಭಕ್ಕೆ ಬೆಲೆಯನ್ನೂ ತೆರಬೇಕಾಯಿತು. ಅಷ್ಟು ಅಗಲವಾದ ಕೋನದಿಂದ ಬರುವ ಬೆಳಕು ದಪ್ಪ ಪ್ಲಾಸ್ಟಿಕ್ಕಿನ ಮೂಲಕ ಹಾದರೆ, ತಟ್ಟೆ ಸ್ವಲ್ಪ ಓರೆಯಾದರೂ ಚುಕ್ಕೆ ಕೆಡುತ್ತದೆ. ಆದ್ದರಿಂದ ಮಾಹಿತಿ ಪದರವನ್ನು ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗೆ ತಂದರು. ಹಾಗೆ ಮಾಡಿದಾಗ ಗೀರು ಬೀಳುವ ಅಪಾಯ ಹೆಚ್ಚಿತು, ಅದಕ್ಕಾಗಿ ಗಟ್ಟಿ ಲೇಪನ ಹಚ್ಚಬೇಕಾಯಿತು.

ಇಲ್ಲಿ ನಾನು ಎಡವಿದೆ. ಒಬ್ಬ ಹುಡುಗ ತಾನಾಗಿಯೇ ಸಿಡಿಯಿಂದ ಡಿವಿಡಿಗೆ ಅದೇ ಲೆಕ್ಕ ಮಾಡಿ, “ಮೇಡಂ, 2.6 ಪಟ್ಟು ಬರ್ತಾ ಇದೆ. ಆದರೆ ಪಟ್ಟಿಯಲ್ಲಿ 0.7 ಇದ್ದದ್ದು 4.7 ಆಗಿದೆ. ಅಂದರೆ 6.7 ಪಟ್ಟು. ಯಾಕೆ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ. “ನಾಳೆ ನೋಡಿಕೊಂಡು ಬಂದು ಹೇಳ್ತೀನಿ” ಎಂದೆ. ಉತ್ತರ ಇದು: ಸಿಡಿಯನ್ನು ವಿನ್ಯಾಸ ಮಾಡಿದ ಕಾಲದಲ್ಲಿ ಓದುವ ಯಂತ್ರ ತಪ್ಪು ಮಾಡಬಹುದೆಂದು ಗುಳಿಗಳ ನಡುವೆ ಉದಾರವಾಗಿ ಜಾಗ ಬಿಟ್ಟಿದ್ದರು. ಡಿವಿಡಿಯಲ್ಲಿ ಗುಳಿಗಳನ್ನು ಇನ್ನಷ್ಟು ಒತ್ತೊತ್ತಾಗಿ ಜೋಡಿಸಿದರು. ಸಂಕೇತೀಕರಣ ಮತ್ತು ದೋಷ ತಿದ್ದುವ ವಿಧಾನಗಳೂ ಸುಧಾರಿಸಿದವು. ಅಂದರೆ ಬೆಳಕಿನ ಲೆಕ್ಕದ ಜೊತೆಗೆ ಬರವಣಿಗೆಯ ಜಾಣ್ಮೆಯೂ ಕೂಡಿಕೊಂಡಿತು. ಮರುದಿನ ಆ ಹುಡುಗನಿಗೆ ಹೀಗೆಂದು ಹೇಳಿ, ಅವನ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದು ಉಳಿಸಿದೆ. ಪಟ್ಟಿಯ ಎಲ್ಲ ಕಾಲಂಗಳಿಗೂ ಲೆಕ್ಕ ಮಾಡಿ ನೋಡಿಕೊಂಡೇ ತರಗತಿಗೆ ಹೋಗಬೇಕು ಎಂಬುದು ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಸಲಹೆ.

ಎರಡನೆಯ ಅವಧಿ: ಒಂದು ಸೆಕೆಂಡಿಗೆ ಎಷ್ಟು ಬಿಟ್?

ಈ ಅವಧಿಯನ್ನು ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸಿದೆ. “ಹೋದ ವಾರ ನಿನ್ನ ಪ್ರಶ್ನೆಯನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಇವತ್ತು ಅದರಿಂದಲೇ ಶುರುಮಾಡೋಣ. ಸಿನಿಮಾ ನಿಲ್ಲುವ ಮೊದಲು ಮಸುಕಾಗುತ್ತೆ ಅಂದಿದ್ದೆಯಲ್ಲ, ಯಾಕೆ ಮಸುಕಾಗುತ್ತೆ?” ಎಂದು ತರಗತಿಯನ್ನೇ ಕೇಳಿದೆ.

ಉತ್ತರಕ್ಕೆ ಮೊದಲು ಒಂದು ಆಟ. ಒಬ್ಬ ವಿದ್ಯಾರ್ಥಿಗೆ ಮಣ್ಣಿನ ಮಡಕೆಯ ಚಿತ್ರ ಕೊಟ್ಟು, ಹನ್ನೆರಡೇ ಪದಗಳಲ್ಲಿ ಅದನ್ನು ವಿವರಿಸಬೇಕು, ಇನ್ನೊಬ್ಬರು ಕೇಳಿ ಹಲಗೆಯ ಮೇಲೆ ಬಿಡಿಸಬೇಕು ಎಂದೆ. ಮಡಕೆ ಚೆನ್ನಾಗಿಯೇ ಬಂತು. ಆಮೇಲೆ ಜಾತ್ರೆಯ ಚಿತ್ರ ಕೊಟ್ಟೆ. ಪದಗಳು ಅದೇ ಹನ್ನೆರಡು. ತೇರು ಬಂತು, ಜನರೆಲ್ಲ ಬರೀ ಸೊನ್ನೆಗಳಾದರು. ಮಡಕೆಗೆ ಸಾಕಾದ ಪದಗಳು ಜಾತ್ರೆಗೆ ಸಾಲಲಿಲ್ಲ. ಸೆಕೆಂಡಿಗೆ ಇಷ್ಟು ಬಿಟ್ ಎಂಬ ಮಿತಿ ಇರುವಾಗ ಚಿತ್ರಕ್ಕೆ ಆಗುವುದೂ ಇದೇ.

ನಂತರ ಲೆಕ್ಕ. ಬ್ಲೂ-ರೇ ಡಬ್ಬಿಯ ಮೇಲೂ ಸ್ಟ್ರೀಮಿಂಗ್ ಪರದೆಯ ಮೇಲೂ ಕಾಣುವ ಸಂಖ್ಯೆ 1080. ಅಡ್ಡಲಾಗಿ 1920, ಉದ್ದಕ್ಕೆ 1080 ಪಿಕ್ಸೆಲ್‌ಗಳು ಎಂದು ಅದರ ಅರ್ಥ. ಒಂದು ಚೌಕಟ್ಟಿಗೆ ಒಟ್ಟು 20,73,600 ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ತಲಾ 8 ಬಿಟ್‌ನಂತೆ 24 ಬಿಟ್. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಗುಣಿಸಿದರೆ ಸೆಕೆಂಡಿಗೆ ಸುಮಾರು 119 ಕೋಟಿ ಬಿಟ್, ಅಂದರೆ 1,194 ಮೆಗಾಬಿಟ್. ಎರಡು ಗಂಟೆಯ, ಅಂದರೆ 7,200 ಸೆಕೆಂಡಿನ ಸಿನಿಮಾಗೆ ಬೈಟ್‌ಗಳಲ್ಲಿ ಸುಮಾರು 1,075 ಗಿಗಾಬೈಟ್. 8 ಬಿಟ್‌ಗೆ 1 ಬೈಟ್ ಎಂಬುದನ್ನು ಇಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಮೊಬೈಲ್ ಕಂಪನಿಗಳು ವೇಗವನ್ನು ಬಿಟ್‌ನಲ್ಲಿ, ಡೇಟಾವನ್ನು ಬೈಟ್‌ನಲ್ಲಿ ಹೇಳುವುದರಿಂದ ಮಕ್ಕಳು ಮಾತ್ರವಲ್ಲ, ದೊಡ್ಡವರೂ ಎಡವುತ್ತಾರೆ.

1,075 ಗಿಗಾಬೈಟ್ ಡಿಸ್ಕಿನಲ್ಲೂ ಹಿಡಿಸದು, ಜಾಲದಲ್ಲೂ ಹರಿಯದು. ಆದ್ದರಿಂದ ಎರಡೂ ಕಡೆ ಚಿತ್ರವನ್ನು ಸಂಕ್ಷೇಪಿಸುತ್ತಾರೆ. ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಬದಲಾಗದ ಗೋಡೆಯನ್ನು ಮತ್ತೆ ಮತ್ತೆ ಬರೆಯದೆ, ಬದಲಾದದ್ದನ್ನು ಮಾತ್ರ ಬರೆಯುವುದು ಇದರ ಮುಖ್ಯ ಉಪಾಯ. ವ್ಯತ್ಯಾಸವಿರುವುದು ಎಷ್ಟು ಸಂಕ್ಷೇಪಿಸುತ್ತಾರೆ ಎಂಬುದರಲ್ಲಿ. ಬ್ಲೂ-ರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 40 ಮೆಗಾಬಿಟ್‌ವರೆಗೆ ಅವಕಾಶವಿದೆ. ಸರಾಸರಿ 25 ಎಂದು ಹಿಡಿದರೆ ಎರಡು ಗಂಟೆಗೆ 22.5 ಗಿಗಾಬೈಟ್. ಮೂಲದ ಸುಮಾರು 48ನೇ ಒಂದು ಭಾಗ. 1080ರ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಶಿಫಾರಸು ಮಾಡುವ ಸಂಪರ್ಕ ವೇಗ ಸೆಕೆಂಡಿಗೆ 5 ಮೆಗಾಬಿಟ್. ಅಷ್ಟನ್ನೂ ಬಳಸಿಕೊಂಡರೂ ಎರಡು ಗಂಟೆಗೆ 4.5 ಗಿಗಾಬೈಟ್. ಮೂಲದ ಸುಮಾರು 239ನೇ ಒಂದು ಭಾಗ. ಎರಡಕ್ಕೂ ಹೆಸರು 1080. ಹನ್ನೆರಡು ಪದಗಳ ಜಾತ್ರೆಗೂ ಅರುವತ್ತು ಪದಗಳ ಜಾತ್ರೆಗೂ ಹಲಗೆ ಒಂದೇ ಇದ್ದಂತೆ.

‘ಹಾಗಾದರೆ ಡಿಸ್ಕಿನ ಚಿತ್ರ ಐದು ಪಟ್ಟು ಚೆನ್ನ’ ಎಂದು ಮಕ್ಕಳು ಹೇಳಿಯೇ ಹೇಳುತ್ತಾರೆ. ಅದನ್ನು ಅಲ್ಲೇ ತಿದ್ದಬೇಕು. ಬಿಟ್‌ಗಳು ಐದು ಪಟ್ಟಾದರೆ ಚಿತ್ರ ಐದು ಪಟ್ಟಾಗುವುದಿಲ್ಲ. ಮೊದಲ ಕೆಲವು ಮೆಗಾಬಿಟ್‌ಗಳು ತರುವ ಸುಧಾರಣೆ ದೊಡ್ಡದು, ಆಮೇಲಿನವು ತರುವುದು ಚಿಕ್ಕದು. ಸಂಕ್ಷೇಪಣೆಯ ವಿಧಾನಗಳೂ ಬದಲಾಗಿವೆ. ಬ್ಲೂ-ರೇಯಲ್ಲಿ ಹೆಚ್ಚಾಗಿ ಬಳಸುವ ವಿಧಾನ 2003ರದ್ದು. ಸ್ಟ್ರೀಮಿಂಗ್ ಸಂಸ್ಥೆಗಳು 2013ರ ಎಚ್‌ಇವಿಸಿ, 2018ರ ಎವಿ1 ವಿಧಾನಗಳನ್ನೂ ಬಳಸುತ್ತವೆ, ಅವು ಕಡಿಮೆ ಬಿಟ್‌ಗಳಲ್ಲಿ ಹೆಚ್ಚು ಹೇಳುತ್ತವೆ. ಆದರೂ ಮಳೆ, ಹೊಗೆ, ಕತ್ತಲೆಯ ದೃಶ್ಯ, ಜನಜಂಗುಳಿ ಬಂದಾಗ ಬಿಟ್‌ಗಳ ಕೊರತೆ ಕಾಣಿಸುತ್ತದೆ.

ಕಾಣಿಸುತ್ತದೆ ಎಂದರೆ ಯಾರಿಗೆ, ಎಷ್ಟು ದೂರದಿಂದ? ಕಣ್ಣಿನ ಪಾಠವನ್ನು ಇಲ್ಲಿಗೆ ಜೋಡಿಸಬಹುದು. ಆರೋಗ್ಯವಂತ ಕಣ್ಣು ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. 3 ಮೀಟರ್ ದೂರದಲ್ಲಿ ಇದು ಸುಮಾರು 0.87 ಮಿಲಿಮೀಟರ್. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಅದನ್ನು 1920ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ನ ಅಗಲ ಸುಮಾರು 0.5 ಮಿಲಿಮೀಟರ್. ಅಂದರೆ ಅಷ್ಟು ದೂರದಿಂದ ಬಿಡಿ ಪಿಕ್ಸೆಲ್ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಪಿಕ್ಸೆಲ್‌ಗಳ ಸಂಖ್ಯೆಯನ್ನು ಇನ್ನೂ ಹೆಚ್ಚಿಸಿದರೆ ಆ ನೋಡುಗನಿಗೆ ಪ್ರಯೋಜನ ಅಲ್ಪ. ಆದರೆ ಬಿಟ್ ಕಡಿಮೆಯಾದಾಗ ಚಿತ್ರ ಒಡೆಯುವುದು ಪಿಕ್ಸೆಲ್‌ಗಳಾಗಿ ಅಲ್ಲ, ಚೌಕಗಳಾಗಿ. 16 ಪಿಕ್ಸೆಲ್ ಅಗಲದ ಚೌಕ ಅದೇ ಟಿವಿಯಲ್ಲಿ 8 ಮಿಲಿಮೀಟರ್. ಅದು 3 ಮೀಟರಿನಿಂದಲೂ ಸ್ಪಷ್ಟವಾಗಿ ಕಾಣುತ್ತದೆ. ಡಬ್ಬಿಯ ಮೇಲಿನ 1080 ಎಂಬ ಸಂಖ್ಯೆಗಿಂತ, ಡಬ್ಬಿಯ ಮೇಲೆ ಬರೆಯದ ಬಿಟ್‌ಗಳ ಸಂಖ್ಯೆ ಮುಖ್ಯವಾಗುವುದು ಹೀಗೆ. ಅಂಗೈಯಗಲದ ಮೊಬೈಲಿನಲ್ಲಿ ನೋಡುವವರಿಗೆ ಈ ವ್ಯತ್ಯಾಸವೂ ಬಹುಮಟ್ಟಿಗೆ ಮಾಯವಾಗುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಉತ್ತರ. ಸ್ಟ್ರೀಮಿಂಗ್‌ನಲ್ಲಿ ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಹೆಚ್ಚು ಬಿಟ್, ಕಡಿಮೆ ಬಿಟ್ ಎಂದು ಹಲವು ಪ್ರತಿಗಳಲ್ಲಿ ಇಟ್ಟಿರುತ್ತಾರೆ. ಹಿಂದಿನ ತುಂಡು ಬಂದ ವೇಗ ನೋಡಿ ನಮ್ಮ ಫೋನು ಅಥವಾ ಟಿವಿ ಮುಂದಿನ ತುಂಡಿಗೆ ಯಾವ ಪ್ರತಿ ಬೇಕೆಂದು ಕೇಳುತ್ತದೆ. ವೇಗ ಇಳಿದರೆ ಕಡಿಮೆ ಬಿಟ್‌ನ ಪ್ರತಿ ಬರುತ್ತದೆ, ಆಗ ಚಿತ್ರ ಮಸುಕಾಗುತ್ತದೆ. ಅದೂ ಬರದಿದ್ದರೆ ಸಂಗ್ರಹಿಸಿಟ್ಟ ತುಂಡುಗಳು ಮುಗಿದು ಸುತ್ತು ಶುರುವಾಗುತ್ತದೆ. “ಅಂದರೆ ನಿಲ್ಲಬಾರದು ಅಂತಲೇ ಮಸುಕು ಮಾಡತ್ತಾ ಮೇಡಂ?” ಎಂದಳು ಅವಳು. ಇಡೀ ವಿಷಯವನ್ನು ಇಷ್ಟು ಚಿಕ್ಕದಾಗಿ ನನ್ನಿಂದ ಹೇಳಲಾಗಿರಲಿಲ್ಲ. ಡಿಸ್ಕಿನಲ್ಲಿ ಬಿಟ್‌ಗಳು ಒಮ್ಮೆ ಅಚ್ಚಾದ ಮೇಲೆ ಬೆಂಗಳೂರಿನಲ್ಲೂ ಬೆಟ್ಟದ ತಪ್ಪಲಿನಲ್ಲೂ ಅಷ್ಟೇ. ಸ್ಟ್ರೀಮಿಂಗ್‌ನ 1080 ಸಂಪರ್ಕ ಇದ್ದಷ್ಟು ಹೊತ್ತು ಮಾತ್ರ.

ಗುಂಪು ಚಟುವಟಿಕೆಗೆ ಎರಡು ಲೆಕ್ಕ ಕೊಟ್ಟೆ. ಒಂದು: ದಿನಕ್ಕೆ 2 ಗಿಗಾಬೈಟ್ ಡೇಟಾ ಇರುವ ಮೊಬೈಲಿನಲ್ಲಿ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಸಿನಿಮಾ ನೋಡಿದರೆ ಡೇಟಾ ಯಾವಾಗ ಮುಗಿಯುತ್ತದೆ? 16,000 ಮೆಗಾಬಿಟ್ ÷ 5 = 3,200 ಸೆಕೆಂಡ್, ಅಂದರೆ ಸುಮಾರು 53 ನಿಮಿಷ. ‘ಇಂಟರ್‌ವಲ್‌ಗಿಂತ ಮುಂಚೆ’ ಎಂದು ಒಂದು ಗುಂಪು ಉತ್ತರದ ಪಕ್ಕದಲ್ಲಿ ಬರೆದಿತ್ತು. ಸೆಕೆಂಡಿಗೆ 1 ಮೆಗಾಬಿಟ್‌ಗೆ ಇಳಿಸಿದರೆ ಎರಡು ಗಂಟೆಗೆ 0.9 ಗಿಗಾಬೈಟ್ ಸಾಕು, ಸಿನಿಮಾ ಪೂರ್ತಿಯಾಗುತ್ತದೆ. ಎರಡು: 25 ಗಿಗಾಬೈಟ್‌ನ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿದರೆ ದತ್ತಾಂಶ ಸಾಗಿದ ವೇಗ ಎಷ್ಟು? 2,00,000 ಮೆಗಾಬಿಟ್ ÷ 7,200 = ಸೆಕೆಂಡಿಗೆ ಸುಮಾರು 28 ಮೆಗಾಬಿಟ್. ನೆಟ್‌ಫ್ಲಿಕ್ಸ್ ಸಂಸ್ಥೆ ಅಮೆರಿಕದಲ್ಲಿ ಆರಂಭವಾದದ್ದೇ ಅಂಚೆಯಲ್ಲಿ ಡಿಸ್ಕ್ ಕಳಿಸುವ ಸೇವೆಯಾಗಿ. 2007ರಲ್ಲಿ ಅದು ಸ್ಟ್ರೀಮಿಂಗ್ ಶುರುಮಾಡಿತು, ಆದರೂ ಅಂಚೆಯ ಸೇವೆಯನ್ನು ಪೂರ್ತಿ ನಿಲ್ಲಿಸಿದ್ದು 2023ರ ಸೆಪ್ಟೆಂಬರಿನಲ್ಲಿ.

ಇಟ್ಟುಕೊಳ್ಳುವುದು ಎಂದರೇನು?

ಎರಡನೆಯ ಅವಧಿಯ ಕೊನೆಯ ಹತ್ತು ನಿಮಿಷವನ್ನು ಅಳತೆಪಟ್ಟಿಗೆ ಸಿಗದ ಒಂದು ಅಳತೆಗೆ ಮೀಸಲಿಟ್ಟೆ. ಡಿಸ್ಕ್ ಕೊಂಡವರು ಅದನ್ನು ನೆರೆಯವರಿಗೆ ಎರವಲು ಕೊಡಬಹುದು, ಮಾರಬಹುದು, ಕಪಾಟಿನಲ್ಲಿಡಬಹುದು. ಪ್ರತಿ ಮಾಡಿ ಹಂಚುವ ಹಕ್ಕು ಮಾತ್ರ ಅವರಿಗಿಲ್ಲ. ಜಾಲದಲ್ಲಿ ‘ಕೊಳ್ಳಿ’ ಎಂಬ ಗುಂಡಿ ಒತ್ತಿದಾಗ ನಮಗೆ ಸಿಗುವುದು ಸಾಮಾನ್ಯವಾಗಿ ನೋಡುವ ಪರವಾನಗಿ. ಇದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಜನವರಿ 1ರಿಂದ ಕಾನೂನು ಜಾರಿಯಲ್ಲಿದೆ. ತಿಂಗಳ ಚಂದಾದಲ್ಲಿ ನೋಡುವ ಸಿನಿಮಾವಂತೂ ಒಪ್ಪಂದದ ಅವಧಿ ಮುಗಿದರೆ ಪಟ್ಟಿಯಿಂದ ಇಳಿಯುತ್ತದೆ.

ಇಷ್ಟಕ್ಕೇ ಡಿಸ್ಕಿಗೆ ಗೆಲುವು ಕೊಟ್ಟರೆ ಮೊದಲ ಪಾಠದ ತಪ್ಪೇ ತಿರುಗಿ ಬರುತ್ತದೆ. ಬ್ಲೂ-ರೇ ಡಿಸ್ಕಿಗೆ ಪ್ರದೇಶ ಸಂಕೇತವಿರುತ್ತದೆ: ಅಮೆರಿಕ ಎ, ಯುರೋಪ್ ಬಿ, ಭಾರತ ಸಿ. ಅಮೆರಿಕದಲ್ಲಿರುವ ಅಣ್ಣ ಪ್ರೀತಿಯಿಂದ ತಂದುಕೊಟ್ಟ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೇ ಹೋಗಬಹುದು. 2016ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇಗೆ ಈ ಕಟ್ಟಿಲ್ಲ. ಡಿಸ್ಕ್ ಇದ್ದು ಪ್ಲೇಯರ್ ಇಲ್ಲದಿದ್ದರೂ ಅಷ್ಟೇ. ಎಲ್‌ಜಿ ಸಂಸ್ಥೆ 2024ರಲ್ಲಿ ಬ್ಲೂ-ರೇ ಪ್ಲೇಯರುಗಳನ್ನು ನಿಲ್ಲಿಸಿತು. ಸೋನಿ 2025ರ ಫೆಬ್ರುವರಿಯಲ್ಲಿ ಮನೆಯಲ್ಲಿ ಬರೆದುಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ಈ ಎರಡನೆಯ ಸುದ್ದಿಯನ್ನು ‘ಬ್ಲೂ-ರೇ ಸಿನಿಮಾ ನಿಂತುಹೋಯಿತು’ ಎಂದು ಓದಿಕೊಂಡವರು ನಮ್ಮ ಪ್ರಶಿಕ್ಷಣಾರ್ಥಿಗಳಲ್ಲೂ ಇದ್ದರು. ಖಾಲಿ ಡಿಸ್ಕ್ ಬೇರೆ, ಸಿನಿಮಾ ಅಚ್ಚಾದ ಡಿಸ್ಕ್ ಬೇರೆ. ಸುದ್ದಿಯನ್ನು ಪಾಠಕ್ಕೆ ತರುವಾಗ ಪೂರ್ತಿ ಓದಿ ತರಬೇಕು.

1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಎಲ್ಲಿಯೂ ಉಳಿದಿಲ್ಲ ಎಂದು ಮಕ್ಕಳಿಗೆ ಹೇಳಿದೆ. ಆಗ ಡಿಸ್ಕೂ ಇರಲಿಲ್ಲ, ಸ್ಟ್ರೀಮಿಂಗೂ ಇರಲಿಲ್ಲ. ಒಂದು ಚಿತ್ರ ಉಳಿಯಬೇಕಾದರೆ ಪ್ರತಿಗಳು ಹಲವು ಇರಬೇಕು, ಹಲವರ ಕೈಯಲ್ಲಿರಬೇಕು, ಯಾರಾದರೂ ಅವನ್ನು ಹೊಸ ಮಾಧ್ಯಮಕ್ಕೆ ದಾಟಿಸುತ್ತಿರಬೇಕು. ಒಂದು ಸಂಸ್ಥೆಯ ಗಣಕದಲ್ಲಿ ಮಾತ್ರ ಇರುವ ಚಿತ್ರಕ್ಕೂ, ಒಂದೇ ಮನೆಯ ಕಪಾಟಿನಲ್ಲಿರುವ ಡಿಸ್ಕಿಗೂ ಅಪಾಯ ಇದೆ. ಅಪಾಯದ ಬಗೆ ಬೇರೆ, ಅಷ್ಟೇ.

ಮೌಲ್ಯಮಾಪನ

1. ನೀಲಿ-ನೇರಳೆ ಬೆಳಕು ಬಳಸಿಯೂ ಎಚ್‌ಡಿ ಡಿವಿಡಿಯ ಸಾಮರ್ಥ್ಯ ಬ್ಲೂ-ರೇಗಿಂತ ಕಡಿಮೆ ಇತ್ತು. ಕಾರಣ ಕೊಡಿ. (ಮಸೂರದ ನ್ಯೂಮರಿಕಲ್ ಅಪರ್ಚರ್ ಕಡಿಮೆ, ಆದ್ದರಿಂದ ಚುಕ್ಕೆ ದೊಡ್ಡದು.)

2. ಸೆಕೆಂಡಿಗೆ 15 ಮೆಗಾಬಿಟ್‌ನಂತೆ ಎರಡು ಗಂಟೆಯ ಚಿತ್ರಕ್ಕೆ ಎಷ್ಟು ಗಿಗಾಬೈಟ್ ಬೇಕು? (13.5)

3. ‘ಎರಡರಲ್ಲೂ 1080 ಎಂದು ಬರೆದಿದೆ, ಆದ್ದರಿಂದ ಚಿತ್ರ ಒಂದೇ’ ಎಂಬ ಮಾತನ್ನು ಪರಿಶೀಲಿಸಿ.

4. ನಿಮ್ಮ ಮನೆಗೆ ಯಾವುದು ತಕ್ಕದ್ದು? ಕನಿಷ್ಠ ಮೂರು ಅಳತೆಗಳನ್ನು ಹೆಸರಿಸಿ, ಪ್ರತಿಯೊಂದಕ್ಕೂ ನಿಮ್ಮ ಮನೆಯ ಸಂಗತಿಯನ್ನು ಬರೆದು ಉತ್ತರಿಸಿ. (ಅಂಕ ತೀರ್ಮಾನಕ್ಕಲ್ಲ, ಅಳತೆ ಮತ್ತು ಸಂಗತಿಗಳ ಹೊಂದಿಕೆಗೆ.)

ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಯಾವ ಎರಡೂ ಒಂದೇ ಥರ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗಿ, ‘ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ, ಆದ್ದರಿಂದ ಡಿಸ್ಕ್ ಸರಿ. ಆದರೆ ನಮ್ಮ ಮನೆಯಲ್ಲಿ ಪ್ಲೇಯರ್ ಇಲ್ಲ, ಕೊಳ್ಳುವಷ್ಟು ಹಣವೂ ಇಲ್ಲ. ಅಪ್ಪ ಪೇಟೆಗೆ ಹೋದಾಗ ಫೋನಿಗೆ ಇಳಿಸಿಕೊಂಡು ಬಂದರೆ ಮನೆಯಲ್ಲಿ ನಿಲ್ಲದೆ ನೋಡಬಹುದು’ ಎಂದು ಬರೆದಿದ್ದಳು. ಆ್ಯಪಿನಲ್ಲೇ ಇರುವ ಇಳಿಸಿಕೊಳ್ಳುವ ಸೌಲಭ್ಯ ನನ್ನ ಯೋಜನೆಯಲ್ಲಿ ಇರಲೇ ಇಲ್ಲ. ಎರಡೇ ಕಾಲಂ ಎಳೆದಿದ್ದ ನನಗೆ ಮೂರನೆಯದನ್ನು ತೋರಿಸಿದವಳು ಅವಳು.

ಮುಂದಿನ ಸಲ ಈ ಪಾಠ ಮಾಡುವಾಗ ಮೊದಲ ಅವಧಿಯ ಪಟ್ಟಿಯನ್ನು ಮುಂಚೆಯೇ ಚಾರ್ಟಿನಲ್ಲಿ ಬರೆದುಕೊಂಡು ಹೋಗುತ್ತೇನೆ. ಹಲಗೆಯ ಮೇಲೆ ಬರೆಯಲು ಎಂಟು ನಿಮಿಷ ಹಿಡಿಯಿತು. ಕಣ್ಣಿನ ಲೆಕ್ಕವನ್ನು ತರಗತಿಯಲ್ಲೇ ಟಿವಿ ಅಗಲದ ಹಾಳೆ ಅಂಟಿಸಿ, 3 ಮೀಟರ್ ಅಳೆದು ಮಾಡಿಸುತ್ತೇನೆ. ಮತ್ತು ಕೈ ಎತ್ತಿಸುವುದಿಲ್ಲ.